ಓಣಿಗೆ ಬೀಸುವ ಬಿಸಿಗಾಳಿ

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪಿದೆ. ಆದರೆ ನೀವೇ ಹೇಳಿ. ರಾಯಾಪುರದ ನಮ್ಮ ಓಣಿಯ ಕೊನೆಗೊಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇದೆ. ಒಳಗಿನ ಕಾವನ್ನೆಲ್ಲ ಹೀರಿ, ಅದರ ಹಿಂಗೋಡೆಯ ದೊಡ್ಡ ಫ್ಯಾನುಗಳು ಹಗಲೂ ರಾತ್ರಿ ಓಣಿಗೆ ಉಗುಳುತ್ತವೆ. ಇತ್ತ ನಾವು ಸ್ನಾನದ ನೀರಿಗೆ ಗೀಜರ್ ಹಾಕಿ, ಕರೆಂಟು ಹೋದರೆ ಬೈಯುತ್ತ ಕೂರುತ್ತೇವೆ. ವಾರಕ್ಕೊಮ್ಮೆ ನಳ ಬರುವ ಊರಿದು. ಒಂದು ಕೊಡ ನೀರು ಚೆಲ್ಲಿದರೆ ಹತ್ತು ಜನ ಬುದ್ಧಿ ಹೇಳುತ್ತಾರೆ. ಇಷ್ಟೊಂದು ಕಾವು ಚೆಲ್ಲಿದರೆ ಒಬ್ಬರಿಗೂ ಹೊಟ್ಟೆ ಉರಿಯುವುದಿಲ್ಲವೆಂದರೆ ಏನನ್ನೋಣ?

ಇಂಥ ಕಾವಿನಿಂದ ಕರೆಂಟು ತೆಗೆಯಬಹುದೆಂದು ಎಲ್ಲೋ ಓದಿದ್ದೆ. ಕಡಿಮೆ ಬಿಸಿಗೇ ಕುದಿಯುವ ಒಂದು ದ್ರವ, ಅದರ ಆವಿಗೆ ತಿರುಗುವ ಒಂದು ಚಕ್ರ, ಅಷ್ಟೇ. ಮಾಲೀಕರಾದ ಚನ್ನಬಸಪ್ಪ ಕಾಕಾರ ಬೆನ್ನು ಹತ್ತಿದೆ. ಓಣಿಯಲ್ಲಿ ಸಿಕ್ಕರೆ ಓಣಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಸಿಕ್ಕರೆ ಅಲ್ಲಿಯೂ ಇದೇ ಮಾತು.

"ಮಾಸ್ತರ, ನಿಮ್ಮ ಕಾಟ ತಪ್ಪಲಿ ಅಂತನಾದ್ರೂ ಮಾಡಸ್ತೇನಿ" ಎಂದು ಕೊನೆಗೆ ಹುಬ್ಬಳ್ಳಿಯಿಂದ ಎಂಜಿನಿಯರ್ ಹುಡುಗಿಯೊಬ್ಬಳನ್ನು ಕರೆಸಿದರು. ಫ್ಯಾನುಗಳ ಸುತ್ತ ತಗಡು ಕಟ್ಟಿ, ಬಿಸಿಗಾಳಿಯನ್ನೆಲ್ಲ ಯಂತ್ರಕ್ಕೆ ತಿರುಗಿಸುವ ಮಾತಾಯಿತು.

ಆಗ ಶಾಂತವ್ವ ಬಂದು ನಿಂತಳು. ಮನೆಮನೆಗೆ ಹಪ್ಪಳ, ಶಾವಿಗೆ ಮಾಡಿಕೊಟ್ಟು ಬದುಕುವ ಹೆಂಗಸು. ಮಳೆಗಾಲವೆಲ್ಲ ಆ ಫ್ಯಾನುಗಳೆದುರೇ ಹಗ್ಗದ ಹೊರಸು ಹಾಕಿ ಒಣಗಿಸುತ್ತಾಳೆ. ದಾರಿಗೆ ಅಡ್ಡವೆಂದು ನಾನು ಅದಕ್ಕೂ ಬೈಯುತ್ತಿದ್ದೆ.

"ಈ ಗಾಳಿ ಕಟ್ಟಿದ್ರ ನನ್ನ ಹಪ್ಪಳ ಎಲ್ಲಿ ಒಣಗಬೇಕ್ರಿ? ಬೂಸು ಹಿಡದ್ರ ಯಾರ್ ತಗೋತಾರ?"

"ಕರೆಂಟ್ ಬರ್ತದಲ್ಲವ್ವಾ, ಹೀಟರ್ ಹಚ್ಚಿ ಒಣಗಸು" ಎಂದೆ, ಬಹಳ ಉದಾರವಾಗಿ.

ಎಂಜಿನಿಯರ್ ನಗು ತಡೆಯಲಿಲ್ಲ. "ಸರ್, ಇಷ್ಟು ಸಣ್ಣ ಕಾವಿನ್ಯಾಗ ಕರೆಂಟ್ ಆಗೂದು ಭಾಳ ಸ್ವಲ್ಪ. ಅದನ್ನ ತಿರುಗಿ ಹೀಟರ್‌ಗೆ ಹಾಕಿದ್ರ ಅಕ್ಕಾರ ಹೊರಸಿನ ಮೂಲಿ ಸೈತ ಒಣಗೂದಿಲ್ರಿ. ಕಾವನ್ನ ಕಾವಾಗೇ ಬಳಸೂದ ಛಲೋ. ಅವರು ಮಾಡಾಕತ್ತಿದ್ದು ಅದನ್ನ."

ಯಂತ್ರ ಬರಲಿಲ್ಲ. ತರಿಸಿದ ತಗಡು ಶಾಂತವ್ವನ ಹೊರಸಿಗೆ ಮಳೆ ತಡೆಯುವ ಚಾವಣಿಯಾಯಿತು. ನನ್ನ ಹೆಂಡತಿಯೂ ಈಗ ಸಂಡಿಗೆಯನ್ನು ಅಲ್ಲಿಯೇ ಹರವುತ್ತಾಳೆ, ನನ್ನನ್ನು ಒಂದು ಮಾತೂ ಕೇಳದೆ.

ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಕರೆಂಟಾಗಿ ಮೀಟರಿನಲ್ಲಿ ಓಡದ ಕಾವೆಲ್ಲ ಪೋಲು ಎಂದು ನನ್ನ ತಲೆಗೆ ತುಂಬಿದವರು ಯಾರು? ಸಿಕ್ಕರೆ ಬಿಡುವುದಿಲ್ಲ. ಸದ್ಯ ಸಿಗದ ಕಾರಣ, ಶಾಂತವ್ವ ಊಟಕ್ಕೆ ಹೋದಾಗ ಫ್ಯಾನಿನೆದುರು ಕೋಲು ಹಿಡಿದು ಕೂತು ಕಾಗೆಗಳಿಗೆ ಬೈಯುತ್ತಿದ್ದೇನೆ.