ಮೆಷಿನ್ನಿನ ಅಡಿಯಲ್ಲಿ ಅಂಟಿಸಿದ ವಿಳಾಸ

ನನ್ನ ದೊಡ್ಡಮ್ಮ ಹೊಲಿಗೆ ಮೆಷಿನ್ ರಿಪೇರಿ ಮಾಡುವವರು. ಅವರಿಗೆ ಹೊಲಿಯಲು ಮಾತ್ರ ಬಾರದು. ರವಿಕೆಯ ಗುಂಡಿ ಕಿತ್ತುಹೋದರೆ ಬೀದಿ ದಾಟಿ ಎದುರಿನ ದರ್ಜಿಯ ಹತ್ತಿರ ಹೋಗುತ್ತಾರೆ. ಆ ದರ್ಜಿಗೆ ಬೀದಿಯವರು ಇಟ್ಟ ಹೆಸರು 'ನಾಳೆ'. ಯಾರು ಯಾವಾಗ ಕೇಳಿದರೂ ಅವನ ಬಾಯಲ್ಲಿ ಬರುವುದು ಅದೊಂದೇ ಮಾತು. ದೊಡ್ಡಮ್ಮನ ಗುಂಡಿಯನ್ನು ಮಾತ್ರ ನಿಂತ ನಿಲುವಿನಲ್ಲೇ ಹಾಕಿಕೊಡುತ್ತಾನೆ. ತನ್ನ ಮೆಷಿನ್ ಓಡುತ್ತಿರುವುದು ಯಾರ ದೆಸೆಯಿಂದ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ದೊಡ್ಡಮ್ಮನ ಅಂಗಡಿ ಮಹಡಿ ಮೆಟ್ಟಿಲ ಕೆಳಗಿನ ಒಂದು ಉದ್ದನೆಯ ಕೋಣೆ. ಒಳಗೆ ಹೋಗುವಾಗ ಎತ್ತರದವರು ತಲೆ ಬಗ್ಗಿಸಬೇಕು. ಮುಂದೆ ಎಣ್ಣೆ ಕುಡಿದು ಕಪ್ಪಾದ ಮೇಜು, ಅದರ ಮೇಲೆ ಬಗ್ಗುವ ಕತ್ತಿನ ದೀಪ. ಹಿಂದಿನ ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ತುಂಬ ಕೆಟ್ಟ ಮೆಷಿನ್‌ಗಳು. ಯಾರೋ ಮಾರಿಹೋದದ್ದು, ಯಾರೋ ಬಿಟ್ಟುಹೋದದ್ದು. ಗುಜರಿಯವನು ಬಂದಾಗಲೆಲ್ಲ ಆಸೆಗಣ್ಣಿನಿಂದ ನೋಡುತ್ತಿದ್ದ. "ಇನ್ನೂ ಜೀವ ಇದೆ ಕಣೋ" ಎಂದು ದೊಡ್ಡಮ್ಮ ಅವನನ್ನು ಸಾಗಹಾಕುತ್ತಿದ್ದರು.

ಹೋದ ವರ್ಷ ಅವರ ಬಲಗೈ ಮಣಿಕಟ್ಟಿನ ಬಲ ಹೋಯಿತು. ತುಕ್ಕು ಹಿಡಿದ ಸ್ಕ್ರೂಗಳನ್ನು ಜೀವಮಾನವಿಡೀ ತಿರುಗಿಸಿದ ಕೈ ಅದು. ಇನ್ನು ಸ್ಕ್ರೂಡ್ರೈವರ್ ಮುಟ್ಟಬೇಡಿ ಎಂದರು ಡಾಕ್ಟರು. ದೊಡ್ಡಮ್ಮ ಅದನ್ನು ಎಡಗೈಯಲ್ಲಿ ಹಿಡಿದರು. ಅದು ಜಾರಿ ಹೆಬ್ಬೆರಳಿಗೆ ಹೊಲಿಗೆ ಬಿದ್ದಮೇಲೆ ಆ ಹಟವನ್ನೂ ಬಿಟ್ಟರು. ಅಷ್ಟರಲ್ಲಿ ಬಾಡಿಗೆಯ ಕರಾರು ಮುಗಿಯುತ್ತ ಬಂದಿತ್ತು. ಪಕ್ಕದ ಔಷಧಿ ಅಂಗಡಿಯವರು ಗೋಡೆ ಒಡೆದು ಈ ಕೋಣೆಯನ್ನೂ ಸೇರಿಸಿಕೊಳ್ಳಲು ಕಾಯುತ್ತಿದ್ದರು. ಇರುತ್ತೀರೋ ಬಿಡುತ್ತೀರೋ, ತಿಂಗಳ ಕೊನೆಗೆ ಹೇಳಿಬಿಡಿ ಎಂದು ಮಾಲೀಕರು ಮರ್ಯಾದೆಯಿಂದಲೇ ಕೇಳಿದ್ದರು.

"ಮುಚ್ಚಿಬಿಡೇ ಅತ್ಲಾಗೆ. ಮನೇಲಿ ಆರಾಮಾಗಿ ಕೂತ್ಕೋ" ಎಂದರು ದೊಡ್ಡಪ್ಪ. ಅವರು ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು.

"ಕೂತ್ಕೊಂಡು ಏನ್ ಮಾಡ್ಲಿ? ನಿಮ್ಮ ಮುಖ ನೋಡ್ಲಾ?"

"ಯಾಕೆ, ಇಷ್ಟು ದಿನ ಚೆನ್ನಾಗೇ ಇತ್ತಲ್ಲ?"

"ಇಷ್ಟು ದಿನ ನೀವು ಬಸ್ಸಲ್ಲಿ ಇರ್ತಿದ್ರಿ."

ಹೀಗೆ ನಗಾಡಿದರೂ ದೊಡ್ಡಮ್ಮ ಒಳಗೊಳಗೇ ಕುಸಿದಿದ್ದರು. ಬೆಳಿಗ್ಗೆ ಎದ್ದು ಅಂಗಡಿಯ ಬಾಗಿಲು ತೆಗೆಯದ ದಿನವೊಂದು ಬರುತ್ತದೆ ಎಂದು ಅವರು ಎಂದೂ ಅಂದುಕೊಂಡವರಲ್ಲ.

ಆಗಲೇ ಆ ಪತ್ರ ಬಂದದ್ದು, ಇ-ಮೇಲಿನಲ್ಲಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹಾಗಾಗಿ ಕಂಪ್ಯೂಟರಿನ ವ್ಯವಹಾರವೆಲ್ಲ ನನ್ನ ಪಾಲಿಗೆ. ಹಿಂದೊಮ್ಮೆ ಗಿರಾಕಿಯೊಬ್ಬರು ತಮ್ಮ ತಾಯಿಯ ಮೆಷಿನ್ ಮತ್ತೆ ಓಡಿದ ಖುಷಿಗೆ ದೊಡ್ಡಮ್ಮನಿಗೆ ಇಂಟರ್ನೆಟ್ಟಿನಲ್ಲಿ ಒಂದು ಹೆಸರು ಕೊಡಿಸಿದ್ದರು: ಹೊಲಿಗೆಮೆಷಿನ್ ಡಾಟ್ ಕಾಮ್. ದೊಡ್ಡಮ್ಮ ಆ ವಿಳಾಸವನ್ನು ಸಣ್ಣ ಚೀಟಿಗಳ ಮೇಲೆ ಅಚ್ಚು ಹಾಕಿಸಿ, ರಿಪೇರಿಯಾದ ಪ್ರತಿ ಮೆಷಿನ್ನಿಗೂ ಅಂಟಿಸಿ ಕಳುಹಿಸುತ್ತಿದ್ದರು. ಆದರೆ ಆ ವಿಳಾಸದಲ್ಲಿ ಏನಿರಬೇಕು ಎಂಬುದು ಮಾತ್ರ ತೀರ್ಮಾನವಾಗಲೇ ಇಲ್ಲ. ವರ್ಷ ವರ್ಷ ಶುಲ್ಕ ಕಟ್ಟುತ್ತ ಬಂದರು. ಪುಟ ಖಾಲಿಯಾಗಿಯೇ ಉಳಿಯಿತು.

ಈಗ ಹೊಸ ಮೆಷಿನ್ ಮಾರುವ ಒಂದು ಕಂಪನಿ ಆ ಹೆಸರನ್ನು ಕೊಳ್ಳುತ್ತೇವೆಂದು ಆ ಪತ್ರ ಬರೆದಿತ್ತು. ಕಂಪನಿಯ ಪ್ರತಿನಿಧಿ ಫೋನಿನಲ್ಲಿ ಹೇಳಿದ ಮಾತು ನಮಗೆಲ್ಲ ಆಶ್ಚರ್ಯ ತಂದಿತು. "ಪುಟದಲ್ಲಿ ಏನೂ ಇಲ್ಲದಿದ್ರೂ ಜನ ಬಂದು ನೋಡಿ ಹೋಗ್ತಾರೆ ಮೇಡಂ. ಅದಕ್ಕೇ ಒಳ್ಳೆ ಬೆಲೆ ಕೊಡ್ತಿದೀವಿ."

ನಾನು ದೊಡ್ಡಮ್ಮನಿಗೆ ಬಿಡಿಸಿ ಹೇಳಿದೆ. ಇದು ಖಾಲಿ ಜಾಗ ಇದ್ದ ಹಾಗೆ. ಮಾರಬಹುದು, ಬಾಡಿಗೆಗೆ ಕೊಡಬಹುದು, ಇಲ್ಲವೇ ಬೇರೆಯವರ ಜಾಹೀರಾತು ಹಾಕಿ ಕಾಸು ಮಾಡಬಹುದು. ಜಾಹೀರಾತಿನಿಂದ ಬರುವುದು ಚಿಲ್ಲರೆ. ಮಾರಿದರೆ ಒಂದೇ ಸಲಕ್ಕೆ ದೊಡ್ಡ ಮೊತ್ತ ಬರುತ್ತದೆ, ಕೈನೋವಿನವರು ನೆಮ್ಮದಿಯಾಗಿ ಕೂರಬಹುದು.

"ಅಂದ್ರೆ ಅಂಗಡಿ ಮುಚ್ಚೋದು" ಎಂದರು ದೊಡ್ಡಮ್ಮ.

"ಹೆಸರಿನಿಂದ ತಿಂಗಳು ತಿಂಗಳು ಬಾಡಿಗೆಯಷ್ಟು ಹುಟ್ಟಿದ್ರೆ ಮುಚ್ಚಬೇಕಾಗಿಲ್ಲ. ಆದ್ರೆ ಹೇಗೆ ಹುಟ್ಟಿಸೋದು?"

ದೊಡ್ಡಮ್ಮ ಕೇಳಿದರು. "ಅಲ್ವೇ, ದಿನಾ ಬಾಗಿಲು ತಟ್ಟಿ ಹೋಗ್ತಾರಲ್ಲ, ಅವರು ಯಾರು? ಏನು ಬೇಕಂತೆ ಅವರಿಗೆ?"

ಅದು ಯಾರಿಗೂ ಗೊತ್ತಿರಲಿಲ್ಲ. ಕೊಳ್ಳುವ ಕಂಪನಿಯೂ ಅದನ್ನು ಯೋಚಿಸಿರಲಿಲ್ಲ. ನಾನು ಆ ಖಾಲಿ ಪುಟದಲ್ಲಿ ಒಂದೇ ಸಾಲು ಬರೆದೆ: 'ಏನು ಬೇಕಿತ್ತು? ಫೋನ್ ಮಾಡಿ.' ಕೆಳಗೆ ಅಂಗಡಿಯ ನಂಬರು.

ಮರುದಿನ ಮೊದಲ ಕರೆ ಬಂತು. ಆ ಕಡೆಯ ಗಂಡಸಿನ ಧ್ವನಿ ಕೋಪದಲ್ಲಿತ್ತು. "ಈ ಮೆಷಿನ್ ಬಿಚ್ಚಿದ್ದು ನೀವೇನಾ? ಯಾಕ್ರೀ ಸ್ಕ್ರೂನ ಇಷ್ಟು ಬಿಗಿ ಮಾಡಿದೀರಿ? ನನ್ನ ಕೈ ಕಿತ್ತು ಬಂತು!"

"ಬಿಗಿ ಮಾಡ್ದೆ ಇದ್ರೆ ಇಷ್ಟು ವರ್ಷ ನಿಲ್ತಿತ್ತಾ?" ಎಂದರು ದೊಡ್ಡಮ್ಮ. "ಎರಡು ಹನಿ ಎಣ್ಣೆ ಬಿಟ್ಟು ಚಹಾ ಕುಡಿದು ಬನ್ನಿ. ಬಿಡುತ್ತೆ."

ಎರಡನೆಯ ಕರೆ ಬೇರೆ ಊರಿನಿಂದ. ಅವರೂ ಮೆಕ್ಯಾನಿಕ್. ಈ ಮಾದರಿಯ ಮೆಷಿನ್ನಿನ, ಕೆಳಗಿನ ದಾರ ಹಿಡಿಯುವ ಶಟಲ್ ಈಗ ಎಲ್ಲೂ ಸಿಗುವುದಿಲ್ಲ, ನಿಮಗೆಲ್ಲಿ ಸಿಕ್ಕಿತು ಎಂದು ಕೇಳಿದರು. ಮೂರನೆಯವರೂ ಮೆಕ್ಯಾನಿಕ್. ವಾರವಿಡೀ ಅದೇ ಕಥೆ. ಹೊಸ ಮೆಷಿನ್ ಬೇಕೆಂದು ಕೇಳಿದವರು ಒಬ್ಬರೂ ಇಲ್ಲ.

ನನಗೆ ಅರ್ಥವಾಗಲಿಲ್ಲ. "ದೊಡ್ಡಮ್ಮ, ಆ ಚೀಟಿ ಎಲ್ಲಿ ಅಂಟಿಸ್ತಿದ್ರಿ?"

ಅವರು ಮೇಜಿನ ಮೇಲಿದ್ದ ಮೆಷಿನ್ನನ್ನು ಎಡಗೈಯಿಂದ ಹಿಂದಕ್ಕೆ ಮಲಗಿಸಿದರು. ಚೀಟಿ ಅದರ ಅಡಿಯಲ್ಲಿತ್ತು, ಗೇರುಗಳ ಪಕ್ಕದಲ್ಲಿ. ಮೆಷಿನ್ ಬಿಚ್ಚುವವರ ಹೊರತು ಯಾರಿಗೂ ಕಾಣದ ಜಾಗ.

ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಸ್ಸಿನ ಬೋರ್ಡ್ ತಗೊಂಡೋಗಿ ಇಂಜಿನ್ ಕೆಳಗೆ ತೂಗುಹಾಕಿದ ಹಾಗಾಯ್ತು! ಇಷ್ಟು ವರ್ಷ ಪ್ರಚಾರ ಮಾಡಿದ್ದು ಎದುರಾಳಿಗಳಿಗಾ?"

ದೊಡ್ಡಮ್ಮನ ಮುಖ ಕೆಂಪಾಯಿತು. "ನಾವು ಬರೆಯೋದೇ ಅಲ್ಲಿ. ಏನು ಬದಲಾಯಿಸಿದೀವಿ, ಯಾವಾಗ ಅಂತ. ಮುಂದೆ ಬಿಚ್ಚೋನಿಗೆ ಗೊತ್ತಾಗ್ಲಿ ಅಂತ. ನನಗೆ ಕಲಿಸಿದವರೂ ಅಲ್ಲೇ ಬರೀತಿದ್ರು. ಚೀಟಿನೂ ಅಲ್ಲೇ ಅಂಟಿಸಿದೆ. ಬೇರೆ ಕಡೆ ಅಂಟಿಸಬೇಕು ಅಂತ ತಲೆಗೇ ಬರ್ಲಿಲ್ಲ."

ಕಂಪನಿಯ ಪ್ರತಿನಿಧಿ ಕಾಗದಪತ್ರದೊಂದಿಗೆ ಬಂದಾಗ ದೊಡ್ಡಮ್ಮ ಅವನಿಗೆ ಕುರ್ಚಿ ಕೊಟ್ಟು, ಅವನು ಪೆನ್ನು ತೆಗೆಯುವ ಮೊದಲೇ ಎಲ್ಲವನ್ನೂ ಹೇಳಿದರು. "ನೋಡಪ್ಪಾ, ಅಲ್ಲಿಗೆ ಬರೋರು ಹೊಸದು ಕೊಳ್ಳೋರಲ್ಲ. ಹಳೇದನ್ನ ಬದುಕಿಸೋರು. ನಿನ್ನ ಸರಕು ಅವರಿಗೆ ಬೇಡ. ಗೊತ್ತಿದ್ದು ತಗೋಬೇಕು ನೀನು."

ಅವನು ಪೆಚ್ಚಾದ. ಕಚೇರಿಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೋದವನು ಸಂಜೆ ಫೋನು ಮಾಡಿ, ಈಗ ಬೇಡವಂತೆ ಎಂದ. ಆದರೂ "ಥ್ಯಾಂಕ್ಸ್ ಅಮ್ಮ" ಎಂದು ಸೇರಿಸಿದ.

ದೊಡ್ಡಪ್ಪ ತಲೆ ಮೇಲೆ ಕೈ ಹೊತ್ತು ಕುಳಿತರು. "ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತೇ ನಿಂಗೆ? ಕೈಗೆ ಬಂದದ್ದನ್ನ ಒದ್ದು ಕಳಿಸಿದೆ!"

"ಬೇರೆಯವರಿಗೆ ಓಡದ ಮೆಷಿನ್ ಮಾರಿದೀನಾ ಯಾವತ್ತಾದ್ರೂ?" ಎಂದಷ್ಟೇ ಹೇಳಿದರು ದೊಡ್ಡಮ್ಮ. ಆ ಸಂಜೆ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ, ಹಿಂದೆ ಶಟಲ್ ಕೇಳಿದ್ದ ಮೆಕ್ಯಾನಿಕ್ ಮತ್ತೆ ಫೋನು ಮಾಡಿದರು. ಎಷ್ಟಾದರೂ ಸರಿ, ಒಂದು ಹುಡುಕಿಕೊಡಿ ಎಂದು ಗೋಗರೆದರು. ದೊಡ್ಡಮ್ಮ ಫೋನು ಕಿವಿಗಿಟ್ಟುಕೊಂಡೇ ಹಿಂದಕ್ಕೆ ತಿರುಗಿ ಕಪಾಟು ನೋಡಿದರು. ನಾನೂ ನೋಡಿದೆ. ಗುಜರಿಗೆ ಹಾಕದೆ ಕೂಡಿಟ್ಟ ಅಷ್ಟೂ ಮೆಷಿನ್‌ಗಳು ಅಲ್ಲಿದ್ದವು. ಇಂಥ ಭಾಗಗಳಿಗಾಗಿ ಊರೂರಲ್ಲಿ ಜನ ಹುಡುಕಾಡುತ್ತಿದ್ದರು, ಅವರಿಗೆ ಈ ವಿಳಾಸ ಆಗಲೇ ಗೊತ್ತಿತ್ತು.

"ಮಾರೋದೂ ಬೇಡ, ಬಾಡಿಗೆಗೂ ಬೇಡ" ಎಂದರು ದೊಡ್ಡಮ್ಮ. "ಈ ಕಪಾಟನ್ನ ಆ ಪುಟಕ್ಕೆ ಏರಿಸು."

ಏರಿಸುವ ಮುನ್ನ ಬಿಚ್ಚಬೇಕಲ್ಲ? ಬಿಚ್ಚುವ ಕೈ ಸೋತಿತ್ತು. ದೊಡ್ಡಪ್ಪ ಗೊಣಗುತ್ತಲೇ ಅಂಗಿಯ ತೋಳು ಮಡಚಿದರು. ಮೊದಲ ದಿನ ಅವರು ಒಂದು ಸ್ಕ್ರೂವಿನ ತಲೆಯನ್ನೇ ಮುರಿದರು.

"ಅದು ಸ್ಟೀರಿಂಗ್ ಅಲ್ಲ ರೀ. ಮೆಲ್ಲಗೆ!"

"ಪಕ್ಕದಲ್ಲಿ ಕೂತು ಕೂಗಬೇಡ. ಪ್ರಯಾಣಿಕರು ಡ್ರೈವರ್ ಹತ್ರ ಮಾತಾಡಬಾರದು."

ಬಿಚ್ಚಿದ ಭಾಗಗಳನ್ನು ದೊಡ್ಡಮ್ಮ ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿಗೆ ಹಿಡಿದು, ಒಳ್ಳೆಯದು ಯಾವುದು ಸವೆದದ್ದು ಯಾವುದು ಎಂದು ಬೇರೆ ಮಾಡುತ್ತಿದ್ದರು. ಅನುಮಾನವಿದ್ದದ್ದನ್ನು 'ನಾಳೆ'ಯ ಮೆಷಿನ್ನಿಗೆ ಹಾಕಿ ಓಡಿಸಿ ನೋಡುತ್ತಿದ್ದರು. "ನಂದೇ ಯಾಕಮ್ಮ ಬಲಿ?" ಎಂದು ಅವನು ಕೇಳಿದರೆ, "ಹೇಗೂ ನಾಳೆ ತಾನೇ ಹೊಲಿಯೋದು? ಇವತ್ತು ಖಾಲಿ ಇರುತ್ತಲ್ಲ" ಎನ್ನುತ್ತಿದ್ದರು. ನಾನು ಫೋಟೊ ತೆಗೆದು, ಯಾವ ಮಾದರಿಗೆ ಹೊಂದುತ್ತದೆ ಎಂದು ಬರೆದು ಪುಟಕ್ಕೆ ಸೇರಿಸಿದೆ. ಸವೆದ ಭಾಗಗಳ ಕೆಳಗೆ 'ಸವೆದಿದೆ' ಎಂದೂ ದೊಡ್ಡಮ್ಮ ಬರೆಸಿದರು. ಅವೂ ಕಡಿಮೆ ಬೆಲೆಗೆ ಹೋಗಿ, ಬಾಡಿಗೆಯಷ್ಟು ದುಡ್ಡು ಕೂಡಿತು.

ನನಗೂ ದೊಡ್ಡಮ್ಮನಿಗೂ ಒಂದು ವಿಷಯದಲ್ಲಿ ಇಂದಿಗೂ ಜಗಳ. ಭಾಗ ಕೊಂಡವರು ಜೋಡಿಸುವುದು ಹೇಗೆಂದು ಕೇಳುತ್ತ ಗಂಟೆಗಟ್ಟಲೆ ಮಾತಾಡುತ್ತಾರೆ. ಅದಕ್ಕೂ ಬೆಲೆ ಇಡಿ ಎನ್ನುತ್ತೇನೆ ನಾನು. "ಮಾತಿಗೆ ದುಡ್ಡು ತಗೊಳ್ಳೋಕೆ ನಾನೇನು ವಕೀಲಳಾ?" ಎನ್ನುತ್ತಾರೆ ಅವರು. ಅವರು ಹೇಳುವುದು ತಪ್ಪೆಂದು ನನಗೆ ಈಗಲೂ ಅನ್ನಿಸುತ್ತದೆ. ಹಾಗಂತ ಅವರ ಮೇಲಿನ ಗೌರವ ಕೂದಲಷ್ಟೂ ಕಡಿಮೆಯಾಗಿಲ್ಲ.

ತಿಂಗಳ ಕೊನೆಗೆ ಮಾಲೀಕರು ಬಂದರು. ಔಷಧಿ ಅಂಗಡಿಯವರೂ ಹಿಂದೆಯೇ ಬಂದು ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡುತ್ತಿದ್ದರು. ದೊಡ್ಡಮ್ಮ ಫೋನಿನಲ್ಲಿದ್ದರು. ದೊಡ್ಡಪ್ಪ ಪಾರ್ಸಲ್ಲಿಗೆ ಹಗ್ಗ ಬಿಗಿಯುತ್ತಿದ್ದರು. ಕೂತುಕೊಳ್ಳಿ ಎಂದು ದೊಡ್ಡಮ್ಮ ಕಣ್ಣಲ್ಲೇ ಸನ್ನೆ ಮಾಡಿ, ಫೋನಿಗೆ ಅಂಗೈ ಅಡ್ಡವಿಟ್ಟು, "ಬಿಡೋಲ್ಲ ಸ್ವಾಮಿ, ಇರ್ತೀವಿ. ಬಾಡಿಗೆ ಅವರ ಹತ್ರ ಇಸ್ಕೊಳ್ಳಿ" ಎಂದು ದೊಡ್ಡಪ್ಪನತ್ತ ಗದ್ದ ತೋರಿಸಿದರು. ಮತ್ತೆ ಫೋನಿಗೆ ತಿರುಗಿದರು.

"ಹಾಂ, ಈಗ ಚಕ್ರ ಮೆಲ್ಲಗೆ ನಿಮ್ಮ ಕಡೆ ತಿರುಗಿಸಿ. ಜೋರಾಗಿ ಬೇಡ. ಸೂಜಿ ಕೆಳಗಿಳೀತಾ? ಅಲ್ಲೇ ನಿಲ್ಲಿಸಿ."