ರೇಸಿಗೆಂದು ಎತ್ತಿಟ್ಟ ರಕ್ತ

ಬ್ಲಡ್ ಬ್ಯಾಂಕಿನವರು ಯಾವ ಯಾವ ನೆಪಗಳನ್ನು ಒಪ್ಪುತ್ತಾರೆ, ನಿಮಗೆ ಗೊತ್ತಾ?

ನನಗೆ ಗೊತ್ತು. ಗೂಗಲ್ ಮಾಡಿ ನೋಡಿದ್ದೇನೆ. ಹೊಸದಾಗಿ ಹಚ್ಚೆ ಹಾಕಿಸಿಕೊಂಡಿದ್ದರೆ ರಕ್ತ ತೆಗೆದುಕೊಳ್ಳುವುದಿಲ್ಲ. (ನನ್ನ ಮೈಮೇಲೆ ಹಚ್ಚೆ ಇಲ್ಲ. ಇದ್ದಿದ್ದರೆ ಇಷ್ಟು ಹೊತ್ತಿಗೆ ಫೋಟೋ ಹಾಕಿರುತ್ತಿದ್ದೆ.) ಮಲೇರಿಯಾ ಬಂದು ಹೋಗಿದ್ದರೆ ಬೇಡ ಅನ್ನುತ್ತಾರೆ. ಆದರೆ ಮಲೇರಿಯಾ ಬಂದವನು ವಾರವಿಡೀ ಆಫೀಸ್ ಕ್ಯಾಂಟೀನಿನಲ್ಲಿ ಮೊಟ್ಟೆ ಸುಲಿಯುತ್ತ ಕೂತಿರುತ್ತಾನಾ? ಹಲ್ಲು ಕೀಳಿಸಿಕೊಂಡ ನೆಪವೂ ನಡೆಯುತ್ತದಂತೆ. ನನ್ನ ಬಾಯಲ್ಲಿ ಮೂವತ್ತೆರಡೂ ಭದ್ರವಾಗಿವೆ. ಕೊನೆಗೆ ಸಿಕ್ಕಿದ್ದು ಆಂಟಿಬಯೋಟಿಕ್. ಕೋರ್ಸ್ ನಡೆಯುತ್ತಿದ್ದರೆ ರಕ್ತ ಕೊಡುವ ಹಾಗಿಲ್ಲ. ಯಾರೂ ಡಾಕ್ಟರ ಚೀಟಿ ತೋರಿಸು ಅನ್ನುವುದಿಲ್ಲ. ಎಷ್ಟು ಸಲೀಸು!

ಇಷ್ಟೆಲ್ಲ ರಿಸರ್ಚ್ ಯಾಕೆ ಬೇಕಾಯಿತು ಅಂತ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಈ ವಾರ ಬೇರೆ ಏನು ಬರೆಯಲು ಕೂತರೂ ಕೈ ಓಡುತ್ತಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹುಚ್ಚು ಹೊಸದಲ್ಲ. ನಲವತ್ತು ದಾಟಿದ ಮೇಲೆ ನನಗೆ ಟ್ರಯಾತ್ಲಾನ್ ಹತ್ತಿಕೊಂಡಿತು. ಅದರಲ್ಲೂ ಉದ್ದದ್ದು. ನಾಲ್ಕು ಕಿಲೋಮೀಟರಿಗೆ ಹತ್ತಿರ ಈಜಬೇಕು, ನೂರೆಂಬತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು, ಅದಾದ ಮೇಲೆ ಒಂದು ಪೂರ್ತಿ ಮ್ಯಾರಥಾನ್ ಓಡಬೇಕು. ಎಲ್ಲ ಒಂದೇ ದಿನದಲ್ಲಿ. ಗುರುಗ್ರಾಮದ ಆಫೀಸು, ಫ್ಲ್ಯಾಟಿನ ಇಎಂಐ, ಮಗಳ ಹೋಂವರ್ಕು, ಇವುಗಳ ನಡುವೆ ಇದನ್ನೆಲ್ಲ ಹೇಗೆ ಹೊಂದಿಸುತ್ತೇನೆ ಅಂತ ಇಲ್ಲೇ ಎಷ್ಟು ಸಲ ಕೊಚ್ಚಿಕೊಂಡಿಲ್ಲ ನಾನು! ನೀವೂ ಪಾಪ, ಮೆಚ್ಚಿ ಮೇಲ್ ಕಳಿಸಿದ್ದೀರಿ.

ರೇಸಿಗೆ ಮೂರು ವಾರ ಇತ್ತು. ಶುಕ್ರವಾರ ಸಂಜೆ ಫಯಾಜ್ ಫೋನ್ ಮಾಡಿದ.

ಫಯಾಜ್ ನನ್ನ ಟೀಮಿನ ಹುಡುಗ. ಹುಬ್ಬಳ್ಳಿಯವನು, ದೆಹಲಿಯ ರೋಹಿಣಿಯಲ್ಲಿ ಮನೆ. ಆಫೀಸಿನಲ್ಲಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುವವನು ಅವನೊಬ್ಬನೇ. ಪ್ರತಿ ವಾರ ಈ ಅಂಕಣ ಓದಿ ಒಂದು ಹೆಬ್ಬೆರಳಿನ ಚಿತ್ರ ಕಳಿಸುವವನೂ ಅವನೇ. ಅವನ ತಾಯಿ ಹುಬ್ಬಳ್ಳಿಯಿಂದ ಆಪರೇಷನ್ನಿಗೆ ಅಂತ ಬಂದಿದ್ದು ನನಗೆ ಗೊತ್ತಿತ್ತು.

“ಸರ್, ಅಮ್ಮೀದು ಸೋಮವಾರ ಆಪರೇಷನ್ ಐತ್ರಿ. ಬದಲಿ ರಕ್ತ ಕೊಡಾಕ ಮೂರು ಮಂದಿನ ಕರ್ಕೊಂಡು ಬರ್ರಿ ಅಂದಾರ. ಯಾವ ಗ್ರೂಪ್ ಆದ್ರೂ ನಡೀತೈತ್ರಿ. ನನ್ನದು ಆತು, ಇನ್ನಿಬ್ಬರು ಬೇಕು. ಫಸ್ಟ್ ನಿಮ್ಮ ನೆನಪಽ ಬಂತು. ನಿಮ್ಮಷ್ಟು ಗಟ್ಟಿಮುಟ್ಟು ಇರೋರು ಇನ್ಯಾರದಾರ್ರಿ?”

ದೆಹಲಿಯ ಕಡೆ ಬಹಳ ಆಸ್ಪತ್ರೆಗಳಲ್ಲಿ ಇದೇ ಪದ್ಧತಿ. ನಿಮ್ಮ ಕಡೆಯವರು ಬ್ಲಡ್ ಬ್ಯಾಂಕಿಗೆ ಎಷ್ಟು ಕೊಡುತ್ತಾರೋ ಅಷ್ಟನ್ನು ನಿಮ್ಮ ರೋಗಿಗೆ ಎತ್ತಿಡುತ್ತಾರೆ. ಊರು ಬಿಟ್ಟು ಬಂದವರಿಗೆ ‘ನಮ್ಮ ಕಡೆಯವರು’ ಅಂದರೆ ಯಾರು? ಆಫೀಸಿನವರು, ಕನ್ನಡದವರು, ಅಷ್ಟೇ ತಾನೆ?

ನಾನು ಏನು ಹೇಳಿದೆ ಗೊತ್ತಾ? “ಮೀಟಿಂಗಲ್ಲಿದ್ದೀನಿ ಫಯಾಜ್, ಐದು ನಿಮಿಷ ಬಿಟ್ಟು ಮಾಡ್ತೀನಿ.” ಇದ್ದದ್ದು ಅಡುಗೆಮನೆಯಲ್ಲಿ. ಹೋದದ್ದು ಬಾತ್‌ರೂಮಿಗೆ. ಮಾಡಿದ್ದು ಗೂಗಲ್.

ಒಂದು ಬಾಟಲಿ ರಕ್ತ ಕೊಟ್ಟರೆ ಇಳಿದ ಹಿಮೋಗ್ಲೋಬಿನ್ ಮತ್ತೆ ಮೇಲೇರಲು ವಾರಗಳು ಬೇಕು. ಅದು ಇಳಿದರೆ ದಮ್ಮು ಇಳಿಯುತ್ತದೆ. ರೇಸಿನಲ್ಲಿ ಅರ್ಧ ಗಂಟೆಯೋ ಒಂದು ಗಂಟೆಯೋ ಹೋಯಿತು. ಇಡೀ ವರ್ಷ ಖರ್ಜೂರ, ಬೀಟ್‌ರೂಟ್, ಪಾಲಕ್ ತಿಂದು ತಿಂದು ಆ ರಕ್ತ ಕೂಡಿಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಲ್ಯಾಬಿನವರನ್ನು ಮನೆಗೇ ಕರೆಸಿ ಅಳೆಸಿದ್ದೇನೆ. ಅದನ್ನು ಈಗ ಕೊಟ್ಟುಬಿಡಬೇಕಾ? ಹೀಗೆ ಯೋಚಿಸಿದ್ದು ನಾನೇ. ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಅಡುಗೆಮನೆಗೆ ಬಂದು ಫೋನ್ ಮಾಡಿದೆ. ಬೇಕೆಂದೇ ಸ್ವಲ್ಪ ಕೆಮ್ಮಿದೆ (ಹೌದು, ಅದನ್ನೂ ಮಾಡಿದೆ). “ಛೇ ಫಯಾಜ್, ನಾನು ಆಂಟಿಬಯೋಟಿಕ್ ಮೇಲಿದ್ದೀನಪ್ಪಾ. ಇನ್ಫೆಕ್ಷನ್ನು. ತಗೊಳ್ಳಲ್ಲ ಅವರು. ಇಲ್ಲದಿದ್ರೆ ಓಡಿ ಬರ್ತಿದ್ದೆ.”

“ಅಯ್ಯ, ಹೌದೇನ್ರಿ ಸರ್? ಹಂಗಾರ ಬ್ಯಾಡ್ರಿ. ನೀವು ಆರಾಮ್ ತಗೋರಿ. ನಾ ಯಾರನ್ನರ ನೋಡ್ತೀನಿ.” ಫೋನ್ ಇಟ್ಟ.

ನನ್ನ ಹೆಂಡತಿ ವಿದ್ಯಾ ಅಲ್ಲೇ ನನ್ನ ಬೀಟ್‌ರೂಟ್ ತುರಿಯುತ್ತಿದ್ದಳು. “ಯಾವ ಆಂಟಿಬಯೋಟಿಕ್ ರೀ?” ಅಂದಳು.

“ಆಮೇಲೆ ಹೇಳ್ತೀನಿ” ಅಂದೆ. ಅವಳು ತಿರುಗಿ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಭಾನುವಾರ ಬೆಳಕು ಹರಿಯುವ ಮುಂಚೆ ಸೈಕಲ್ ಹತ್ತಿದೆ. ಮಾನೇಸರ್ ದಾಟಿ ಹೋಗಿ ವಾಪಸ್ಸು, ನೂರಿಪ್ಪತ್ತು ಕಿಲೋಮೀಟರ್. ಆ ಹೊತ್ತಿಗೆ ಹೈವೇಯಲ್ಲಿ ಕಾರು ಹೊತ್ತ ಟ್ರೇಲರುಗಳು ಬಿಟ್ಟರೆ ಏನೂ ಇರುವುದಿಲ್ಲ. ಕಾಲು ಏನು ಚೆನ್ನಾಗಿ ತಿರುಗುತ್ತಿತ್ತು ಅಂತೀರಿ! ರಕ್ತ ಉಳಿಸಿಕೊಂಡಿದ್ದು ಒಳ್ಳೆಯದೇ ಆಯಿತು ಅಂತ ದಾರಿಯುದ್ದಕ್ಕೂ ನನಗೆ ನಾನೇ ಶಭಾಷ್ ಹೇಳಿಕೊಂಡೆ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ಇಳಿದು ವಾಚಿನ ಬಟನ್ ಒತ್ತಿದೆ. ನನ್ನಂಥವರ ವಾಚುಗಳ ಕಥೆ ನಿಮಗೆ ಗೊತ್ತಲ್ಲ? ತುಳಿದಿದ್ದನ್ನೆಲ್ಲ ತಾನಾಗಿಯೇ ಆ್ಯಪಿಗೆ ಏರಿಸಿಬಿಡುತ್ತದೆ. ಎಷ್ಟು ದೂರ, ಎಷ್ಟು ವೇಗ, ಯಾವ ದಾರಿ, ಮ್ಯಾಪ್ ಸಮೇತ. ಲಿಫ್ಟಿನಲ್ಲಿ ನಿಂತಿದ್ದಾಗ ಫೋನ್ ಟಿಣ್ ಅಂತು. ಮೊದಲ ಲೈಕ್.

ಫಯಾಜ್.

ಆಫೀಸಿನಲ್ಲಿ ನಡಿಗೆಯ ಸ್ಪರ್ಧೆ ಇಟ್ಟಾಗ ಅವನಿಗೆ ಆ ಆ್ಯಪ್ ಹಾಕಿಕೊಟ್ಟವನು ನಾನೇ. ನನ್ನನ್ನು ಫಾಲೋ ಮಾಡು ಅಂದವನೂ ನಾನೇ. ಅವನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೋಡಿರಬೇಕು. ಒಂದು ಮಾತು ಬರೆದಿರಲಿಲ್ಲ. ಬರೀ ಹೆಬ್ಬೆರಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮನೆಯೊಳಗೆ ಹೋದರೆ ವಿದ್ಯಾ ಇಲ್ಲ. ಮಗಳು ಇರಾ ಸೋಫಾದ ಮೇಲೆ ಕೂತು ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದಳು.

“ಮಮ್ಮಾ ಎಲ್ಲಿ?”

“ರೋಹಿಣಿ ಆಸ್ಪತ್ರೆಗೆ ಹೋಗಿದಾಳೆ. ಫಯಾಜ್ ಅಂಕಲ್ ಅಮ್ಮೀಗೆ ಬ್ಲಡ್ ಕೊಡೋಕೆ. ಆಪ್ ತೋ ಬೀಮಾರ್ ಹೋ ನಾ?”

ಕಾಯಿಲೆಯವನು ನಾನು! ಬೆವರಿನಲ್ಲಿ ತೊಯ್ದು, ಸೈಕ್ಲಿಂಗ್ ಶೂ ಕೈಯಲ್ಲಿ ಹಿಡಿದು ಹಾಲ್ ನಡುವೆ ನಿಂತ ಕಾಯಿಲೆಯವನು. ಇರಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹನ್ನೊಂದು ವರ್ಷದ ಮಕ್ಕಳಿಗೆ ಎಲ್ಲ ಅರ್ಥವಾಗುತ್ತದೆ. ನಾನು ಸ್ನಾನಕ್ಕೆ ಓಡಿದೆ.

ವಿದ್ಯಾ ಮಧ್ಯಾಹ್ನ ಬಂದಳು. ಎರಡು ಲೈನಿನ ಮೆಟ್ರೋ ಬದಲಿಸಿ ಹೋಗಿ, ಹಾಗೇ ವಾಪಸ್ಸು. ಬಂದವಳೇ ಕುರ್ಚಿಯಲ್ಲಿ ಕುಸಿದು ನೀರು ಕೇಳಿದಳು. ಬೆರಳ ತುದಿಗೆ ಒಂದು ಚೂರು ಹತ್ತಿ ಅಂಟಿಕೊಂಡಿತ್ತು.

“ಕೊಟ್ಯಾ?” ಅಂದೆ.

“ಬೇಡ ಅಂದ್ರು.”

“ಯಾಕೆ?”

“ನನ್ನಲ್ಲೇ ಇಲ್ವಂತೆ.” ನಕ್ಕಳು. “ಹಿಮೋಗ್ಲೋಬಿನ್ ಒಂಬತ್ತೂವರೆ. ಹನ್ನೆರಡೂವರೆ ಆದ್ರೂ ಇರಬೇಕಂತೆ. ನೀವು ಕೊಡೋಕೆ ಬಂದಿದ್ದೀರೋ, ಹಾಕಿಸ್ಕೊಳ್ಳೋಕೆ ಬಂದಿದ್ದೀರೋ ಅಂತ ಆ ಡಾಕ್ಟರು ಚೆನ್ನಾಗಿ ಬೈದ್ಲು. ಪಾಪ, ಅಮ್ಮೀ ಹತ್ರ ಸ್ವಲ್ಪ ಹೊತ್ತು ಕೂತು ಬಂದೆ.”

“ನಂಗೆ ಹೇಳಿ ಹೋಗ್ಬಾರದಾ ವಿದ್ಯಾ?”

“ಏನಂತ ಹೇಳ್ಲಿ ರೀ? ನೀವು ಫೋನಲ್ಲಿ ಹೇಳಿದ್ದು ಕೇಳಿಸ್ತು. ಆಮೇಲೆ ಫಯಾಜ್‌ಗೇ ಫೋನ್ ಮಾಡಿ ಏನು, ಎಲ್ಲಿ ಅಂತ ಕೇಳ್ಕೊಂಡೆ. ನಮ್ಮನೆಯಿಂದ ಒಬ್ರಾದ್ರೂ ಹೋಗ್ಬೇಕಿತ್ತಲ್ಲ.”

ಇಷ್ಟೇ. ಜಗಳ ಇಲ್ಲ, ಕೊಂಕು ಇಲ್ಲ. ಎದ್ದು ಅನ್ನಕ್ಕಿಡಲು ಹೋದಳು.

ಒಂಬತ್ತೂವರೆ! ನನ್ನದು ಹದಿನೈದರ ಮೇಲಿದೆ. ಒಂದೇ ಮನೆ, ಒಂದೇ ಫ್ರಿಡ್ಜು, ಒಂದೇ ಒಲೆ. ಹೇಗೆ ಸಾಧ್ಯ ಇದು?

ಹೇಗೆ ಅಂದರೆ ಹೀಗೆ. ನನ್ನ ಖರ್ಜೂರ ನೆನೆಹಾಕುವವಳು ಅವಳು, ತಿನ್ನುವವನು ನಾನು. ಬೀಟ್‌ರೂಟ್ ತುರಿಯುವವಳು ಅವಳು, ಕುಡಿಯುವವನು ನಾನು. ನನ್ನ ಮೊಟ್ಟೆ, ಇರಾಳ ಟಿಫಿನ್ನು ಮುಗಿದ ಮೇಲೆ ಅವಳು ನಿಂತುಕೊಂಡೇ ನಿನ್ನೆಯ ಚಪಾತಿಯನ್ನು ಚಹಾದಲ್ಲಿ ಅದ್ದಿ ತಿಂದು ಸ್ಕೂಲಿಗೆ ಓಡುತ್ತಾಳೆ. (ಅವಳು ಟೀಚರು. ದಿನವಿಡೀ ನಿಂತೇ ಪಾಠ.) ಭಾನುವಾರ ನಾನು ಸೈಕಲ್ ತುಳಿಯುವಾಗ ವಾರದ ಬಟ್ಟೆ, ತರಕಾರಿ, ಮಗಳ ಪ್ರಾಜೆಕ್ಟು ಎಲ್ಲ ಅವಳ ತಲೆಯ ಮೇಲೆ. ಇದಕ್ಕೇ ನಾನು ಇಲ್ಲಿ ‘ಹೊಂದಿಸಿಕೊಳ್ಳುವುದು’ ಅಂತ ಹೆಸರಿಟ್ಟು ಬರೆದದ್ದು.

ಲ್ಯಾಬಿನವರು ಪ್ರತಿ ಸಲ ಕೇಳುತ್ತಿದ್ದರು, ಫ್ಯಾಮಿಲಿ ಪ್ಯಾಕೇಜ್ ಇದೆ ಸರ್, ತಗೊಳ್ಳಿ ಅಂತ. ನಾನು ಅಥ್ಲೀಟುಗಳ ಪ್ಯಾಕೇಜೇ ಸಾಕು ಅನ್ನುತ್ತಿದ್ದೆ.

ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಈಚೆಗೆ ಮೆಟ್ರೋ ಮೆಟ್ಟಿಲು ಹತ್ತುವಾಗ ಅವಳು ಅರ್ಧಕ್ಕೇ ನಿಂತು ಕೈಕಂಬಿ ಹಿಡಿದುಕೊಳ್ಳುತ್ತಿದ್ದಳು. ಸಂಜೆ ಮಗಳಿಗೆ ಲೆಕ್ಕ ಹೇಳಿಕೊಡುತ್ತ ಕೂತಲ್ಲೇ ತೂಕಡಿಸುತ್ತಿದ್ದಳು. ಆಗ ನಾನು ಏನು ಅಂದಿದ್ದೆ? “ಸ್ಟಾಮಿನಾನೇ ಇಲ್ಲ ಕಣೇ ನಿಂಗೆ. ಬೆಳಗ್ಗೆ ಎದ್ದು ನನ್ ಜೊತೆ ಓಡು.” ಅವಳ ತಂಗಿಯ ಮುಂದೆ ಇದನ್ನೇ ಜೋಕ್ ಮಾಡಿ ನಗಿಸಿದ್ದೂ ಉಂಟು. ಥೂ ನನ್ನ!

ಅರ್ಧ ಊಟಕ್ಕೇ ಎದ್ದೆ. ಕ್ಯಾಬ್ ಹಿಡಿದು ರೋಹಿಣಿಗೆ ಹೋದೆ. ರಕ್ತ ಕೊಟ್ಟೇ ಬರಬೇಕು ಅಂತ.

ತಡವಾಗಿತ್ತು. ಫಯಾಜನ ಬಿಲ್ಡಿಂಗಿನ ಇಬ್ಬರು ಹುಡುಗರು ಬಂದು ಕೊಟ್ಟು ಹೋಗಿದ್ದರು. ಅವನು ನನ್ನನ್ನು ನೋಡಿ ಎದ್ದು ನಿಂತ. “ಸರ್, ನೀವ್ಯಾಕ ಬಂದ್ರಿ? ಮೈಯಾಗ ಆರಾಮಿಲ್ಲದಾಗ?” ಅಂದು ವಾರ್ಡಿನೊಳಗೆ ಕರೆದುಕೊಂಡು ಹೋದ.

ಅವನ ಅಮ್ಮೀ ದಿಂಬಿಗೆ ಒರಗಿ ಕೂತಿದ್ದರು. ಮಾರನೆಯ ದಿನ ಆಪರೇಷನ್. ನಾನು ಧೈರ್ಯ ಹೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು.

“ಬರ್ರಿ ಸಾಹೇಬ್ರ. ನಿಮ್ಮ ಮನಿಯವ್ರು ಬಂದಿದ್ರು. ಭಾಳ ಛಲೋ ಹೆಣ್ಮಗಳು. ನನ್ನ ಕೈ ಹಿಡ್ಕೊಂಡು ಕುಂತಿದ್ಲು. ಆಕಿ ಕೈ ನನ್ನ ಕೈಕಿಂತ ತಣ್ಣಗಿತ್ತು ನೋಡ್ರಿ. ಮಾರಿ ಹೆಂಗ ಬಿಳಚಿಕೊಂಡೈತಿ! ಆಕಿಗೆ ಮನ್ಯಾಗ ಊಟಕ್ಕ ನೀಡವ್ರು ಯಾರ್ರಿ?”

ಚುಚ್ಚಿ ಕೇಳಿದ್ದಲ್ಲ. ನಿಜಕ್ಕೂ ಚಿಂತೆಯಿಂದ ಕೇಳಿದ್ದು. ನಾಳೆ ತನ್ನ ಹೊಟ್ಟೆ ಕೊಯ್ಯುತ್ತಾರೆ, ಈಕೆಗೆ ನನ್ನ ಹೆಂಡತಿಯ ಊಟದ ಚಿಂತೆ. ತಲೆ ತಗ್ಗಿಸಿ ಮಂಚದ ಕಬ್ಬಿಣದ ಕಾಲು ನೋಡುತ್ತ ನಿಂತೆ.

ಹೊರಡುವಾಗ ಫಯಾಜ್ ಲಿಫ್ಟಿನವರೆಗೂ ಬಂದ. “ಸರ್, ಬೆಳಗ್ಗೆ ನೋಡ್ದೆ. ಆ ಗುಳಗಿ ತಗೊಂಡು ಅಷ್ಟು ದೂರ ಸೈಕಲ್ ಹೊಡೀಬ್ಯಾಡ್ರಿ. ಎದಿಗೆ ಗಿದಿಗೆ ಹತ್ತೀತು. ರೇಸ್ ಮುಂದಿನ ವರ್ಷನೂ ಬರ್ತೈತಿ.”

ಅವನು ನನ್ನ ಸುಳ್ಳನ್ನು ನಂಬಿದ್ದನಾ? ಅಥವಾ ನನ್ನ ಮಾನ ಉಳಿಸುತ್ತಿದ್ದನಾ? ಗೊತ್ತಿಲ್ಲ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು “ಹೂಂ, ಹೂಂ” ಅಂದು ಲಿಫ್ಟ್ ಹತ್ತಿದೆ. ಹೇಡಿತನಕ್ಕೂ ಒಂದು ಮಿತಿ ಬೇಡವಾ?

ಅವನು ಈ ಅಂಕಣ ಓದುತ್ತಾನೆ. ಹಾಗಾಗಿ ಇಲ್ಲೇ ಹೇಳುತ್ತೇನೆ. ಫಯಾಜ್, ಇನ್ಫೆಕ್ಷನ್ ಇರಲಿಲ್ಲ. ಮಾತ್ರೆಯೂ ಇರಲಿಲ್ಲ. ರಕ್ತ ಬೇಕಾದಷ್ಟಿತ್ತು, ಕೊಡುವ ಮನಸ್ಸಿರಲಿಲ್ಲ. ಈ ವಾರ ನೀನು ಹೆಬ್ಬೆರಳು ಕಳಿಸಬೇಡ.

ಅಮ್ಮೀಯ ಆಪರೇಷನ್ ಚೆನ್ನಾಗಿ ಆಯಿತು. ಆಮೇಲೆ ನಾನು ಅದೇ ಬ್ಲಡ್ ಬ್ಯಾಂಕಿಗೆ ಹೋಗಿ ಒಂದು ಬಾಟಲಿ ಕೊಟ್ಟು ಬಂದೆ. ಬೆರಳು ಚುಚ್ಚಿ ನೋಡಿದ ಡಾಕ್ಟರು “ಅರೇ ವಾಹ್, ಬಹುತ್ ಬಢಿಯಾ!” ಅಂತ ಮೆಚ್ಚಿದರು. ಎದ್ದು ಓಡಿಹೋಗೋಣ ಅನ್ನಿಸಿತು. ದಯವಿಟ್ಟು ನೀವೂ ಬೆನ್ನು ತಟ್ಟಬೇಡಿ. ಕೇಳಿದಾಗ ಕೊಡದೆ, ಎಲ್ಲ ಮುಗಿದ ಮೇಲೆ ಕೊಡುವುದು ಏನು ದೊಡ್ಡ ವಿಷಯ? ಆನ್‌ಲೈನ್ ಕೋಚ್ ಸಿಟ್ಟಾಗಿದ್ದಾನೆ. ಆಗಲಿ. ರೇಸಿಗೆ ಹೋದರೆ ಹೋದೆ, ಕೊನೆಯವನಾಗಿ ಬಂದರೆ ಬಂದೆ.

ಮೊನ್ನೆ ವಿದ್ಯಾಳಿಗೆ ಎಲ್ಲ ಟೆಸ್ಟ್ ಮಾಡಿಸೋಣ ಅಂತ ಲ್ಯಾಬಿನವರನ್ನು ಮನೆಗೆ ಕರೆಸಿದ್ದೆ. ಬಂದ ಹುಡುಗಿ ನನ್ನನ್ನು ನೋಡಿ, ಅಭ್ಯಾಸಬಲದಿಂದ, “ಅಂಗಿ ತೋಳು ಮಡಚಿ ಸರ್” ಅಂದಳು. ನನಗಲ್ಲ, ಇವರಿಗೆ ಅಂದೆ. ಅವಳು ವಿದ್ಯಾಳ ತೋಳಿಗೆ ಪಟ್ಟಿ ಬಿಗಿಯುತ್ತ ಕೇಳಿದಳು, ಮೇಡಂ, ಇದಕ್ಕೂ ಮುಂಚೆ ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ದು?

ವಿದ್ಯಾ ಬೆರಳು ಮಡಚಿ ವರ್ಷಗಳನ್ನು ಎಣಿಸಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ, ಅವಳ ಭುಜ ಮೀರಿ ಬೆಳೆದಿರುವ ಇರಾಳನ್ನು ತೋರಿಸಿ, “ಇವಳು ಹೊಟ್ಟೇಲಿದ್ದಾಗ” ಅಂದಳು.

ನಿಮ್ಮ ಮನೆಯಲ್ಲಿ ಕೇಳಿದರೆ ಏನು ಉತ್ತರ ಬರುತ್ತದೆ?