ಕವಳದ ಸುಳ್ಳು

ನಾಗವೇಣಿ, ನಿನ್ನ ಗಂಡ ಕವಳ ಹಾಕುವವನಾಗಿರಲಿಲ್ಲ. ಅವನ ಹಲ್ಲು ಹಾಳಾದದ್ದು ಎಲೆಯಡಿಕೆ, ಹೊಗೆಸೊಪ್ಪಿನಿಂದಲ್ಲ. ಮೆಥ್ ಎನ್ನುವ, ಹರಳಿನಂಥ ಒಂದು ಮಾದಕ ವಸ್ತುವಿನಿಂದ. ನಿಮ್ಮ ಮದುವೆಗೂ ಮೊದಲೇ ನನಗದು ಗೊತ್ತಿತ್ತು.

ನನ್ನ ತಮ್ಮ ಗಣಪತಿ ಶಿರಸಿಯಿಂದ ಹುಬ್ಬಳ್ಳಿಗೆ ಟೆಂಪೊ ಓಡಿಸುತ್ತಿದ್ದ ಕಾಲ. ಗಾಡಿ ಹೊಡೆಯುವಾಗ ನಿದ್ದೆ ಬಾರದಿರಲೆಂದು ಯಾರೋ ಅದನ್ನು ಕೊಟ್ಟರಂತೆ. ಸಿದ್ದಾಪುರದ ನಮ್ಮ ಮನೆಗೆ ಬಂದಾಗ ಅವನ ಅಂಗಿ ಒಗೆಯುತ್ತಿದ್ದೆ — ಕಿಸೆಯಲ್ಲಿ ಅದನ್ನು ಸೇದುವ, ಮಸಿ ಹಿಡಿದ ಗಾಜಿನ ಕೊಳವೆ. ಕೇಳಿದರೆ ಎಲ್ಲ ಹೇಳಿ ತಲೆ ತಗ್ಗಿಸಿದ. "ಬಿಡ್ತೆ ಅಕ್ಕಾ. ಯಾರಿಗೂ ಹೇಳಡ." ತಮ್ಮನಲ್ಲವೇ — ನಾನು ಯಾರಿಗೂ ಹೇಳಲಿಲ್ಲ.

ನಿನ್ನನ್ನು ನೋಡಲು ಮಂಚಿಕೇರಿಗೆ ಬಂದ ದಿನ ನಿನ್ನಪ್ಪ ಕೇಳಿದರು, "ಮಾಣಿ ಹಲ್ಲು ಎಂತಕ್ಕೆ ಹಾಂಗಾಯ್ದು?"

"ಕವಳ ಜಾಸ್ತಿ, ಮಾವ," ಎಂದೆ.

"ಹಾಂಗಾರೆ ಯಂಗಳ ಮನೆಗೆ ಸರಿಯಾದ ಅಳಿಯನೇಯ," ಎಂದು ನಕ್ಕು ಅವರು ಜಗುಲಿಯ ಮೇಲಿದ್ದ ಕವಳದ ತಬಕನ್ನು ಮುಂದೆ ತಳ್ಳಿದರು. ಎಂದೂ ಹಾಕದವನು ನನ್ನ ಮುಖ ನೋಡುತ್ತಲೇ ಬಾಯಿಗಿಟ್ಟ. ಹುಣ್ಣಾದ ಬಾಯಿಗೆ ಸುಣ್ಣ ತಾಗಿ ಕಣ್ಣಲ್ಲಿ ನೀರು ಬಂತು. ಎಲೆ ಖಾರ ಎಂದು ಎಲ್ಲರೂ ನಕ್ಕರು. ನಾನೂ.

ಮದುವೆಯಾದ ಮೇಲೆ ಶಿರಸಿಯ ಆ ಬಾಡಿಗೆ ಮನೆಯಲ್ಲಿ ನೀನು ಅವನಿಗೆ ಇಲ್ಲದ ಚಟದ ಜೊತೆ ಹೋರಾಡಿದೆ. ಸುಣ್ಣದ ಡಬ್ಬಿ ಅಡಗಿಸಿದೆ, ಉಪ್ಪುನೀರು ಕಾಯಿಸಿ ಕೊಟ್ಟೆ. ನನ್ನ ಸುಳ್ಳು ಉಳಿಯಲೆಂದು ಅವನು ನಿನ್ನೆದುರು ಕವಳ ಹಾಕಿದ, ಮರೆಯಲ್ಲಿ ಮೆಥ್ ಸೇದಿದ. ಮೈ ಒಣಗಿತು, ಕೆಲಸ ಹೋಯಿತು. ನಿನ್ನ ಮೇಲೆ ಅನುಮಾನ, ಕಿಟಕಿಗಳಿಗೆ ಮೊಳೆ, ನಿನ್ನ ಕೆನ್ನೆಯ ಮೇಲೆ ಅವನ ಕೈ... ಅಕ್ಕಪಕ್ಕದವರು ಮಕ್ಕಳನ್ನು ನಿಮ್ಮ ಅಂಗಳಕ್ಕೆ ಕಳಿಸುವುದನ್ನೇ ಬಿಟ್ಟರು. ಒಮ್ಮೆ ನೀನು ಫೋನಿನಲ್ಲಿ ಕೇಳಿದ್ದೆ, "ಅತ್ತಿಗೆ, ಕವಳ ಹಾಕಿದ್ರೆ ನಿದ್ದೆ ಕೆಡ್ತಾ?"

"ಹೊಗೆಸೊಪ್ಪಿಂದು ಗುಣವೇ ಹಾಂಗೆ," ಎಂದೆ. ಅಷ್ಟು ಸಲೀಸಾಗಿ.

ಅವನಿಗೆ ಎದೆನೋವು ಬಂದ ದಿನ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಏನಾದ್ರೂ ನಶೆ ಮಾಡ್ತಿದ್ರಾ?" ನೀನು ನನ್ನ ಮಾತನ್ನೇ ಹೇಳಿದೆ — "ಇಲ್ಲ ಡಾಕ್ಟ್ರೇ, ಕವಳ ಒಂದೇ." ನಾನು ಪಕ್ಕದಲ್ಲೇ ಇದ್ದೆ. ನಿನ್ನ ಕೈ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಸಂಜೆಯೊಳಗೆ ಅವನು ಹೋದ. ಹೇಳಿದ್ದರೆ ಉಳಿಯುತ್ತಿದ್ದನೋ — ಗೊತ್ತಿಲ್ಲ. ಎಂದಿಗೂ ಗೊತ್ತಾಗದಂತೆ ಮಾಡಿದವಳು ನಾನೇ.

ಅವನ ಕಾರ್ಯದ ದಿನ, ಅವನಿಗೆ ಪ್ರೀತಿಯದೆಂದು ನೀನು ಎಲೆಗೆ ಸುಣ್ಣ ಹಚ್ಚಿ, ಮಡಚಿ, ಎಡೆಯ ಪಕ್ಕ ಕವಳ ಇಟ್ಟೆ. "ಆನು ಅಷ್ಟು ಬೈಯ್ಯಲಾಗಿತ್ತಿಲ್ಲೆ, ಅತ್ತಿಗೆ," ಎಂದು ನೀನು ಅಳುತ್ತಿದ್ದೆ. ಆಗಲೂ ನಾನು...

ಅವನ ವರ್ಷಾಂತದ ಕಾರ್ಯಕ್ಕೆ ಮೊದಲು ನಿನ್ನ ತವರಿಗೆ ಬರುತ್ತೇನೆ. ಅದೇ ಜಗುಲಿಯಲ್ಲಿ, ನಿನ್ನಪ್ಪನ ಎದುರು ನಿಂತು ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಒಳಗೆ ಕರೆಯಬೇಕೆಂದಿಲ್ಲ. ಆದರೆ ಈ ಸಲ ಅವನ ಎಡೆಗೆ ಕವಳ ಇಡಬೇಡ, ತಂಗಿ. ಅವನ ಬಾಯಿ ಉರಿಯುತ್ತಿತ್ತು.